ಬೂದಿಗುಡ್ಡದ ಸಾಕ್ಷಿ

ಬೇಲೂರು ಎಂದೊಡನೆ ಕನ್ನಡ ನಾಡಿನವರ ಮನಸ್ಸು ಯಗಚಿ ನದಿಯ ದಂಡೆಗೆ ಓಡುತ್ತದೆ. ವಿಷ್ಣುವರ್ಧನ, 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ, ಕನ್ನಡಿ ಹಿಡಿದು ನಿಂತ ಸುಂದರಿ, ಇವೆಲ್ಲ ಒಂದರ ಹಿಂದೊಂದು ಕಣ್ಣಮುಂದೆ ಬಂದು ನಿಲ್ಲುತ್ತವೆ. 2023ರಲ್ಲಿ ಆ ದೇವಾಲಯ ಹಳೇಬೀಡು, ಸೋಮನಾಥಪುರಗಳ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಅದರ ಕೀರ್ತಿ ಇನ್ನೂ ದೂರ ಹಬ್ಬಿದೆ. ನಾನು ಬೇಲೂರಿನ ಹತ್ತಿರ ಇರುತ್ತೇನೆಂದು ಹೇಳಿದರೆ ಮೈಸೂರು ಕಡೆಯ ನೆಂಟರು, "ಪುಣ್ಯವಂತರಪ್ಪ ನೀವು, ದಿನವೂ ದೇವರ ದರ್ಶನ" ಎನ್ನುತ್ತಾರೆ. ಅವರ ಸಂತೋಷವನ್ನು ಕೆಡಿಸುವ ಮನಸ್ಸು ನನಗಿಲ್ಲ. ಆದರೆ ನಮ್ಮ ಬೇಲೂರು ಬೇರೆ.

ನಮ್ಮ ಬೇಲೂರು ಧಾರವಾಡದಿಂದ ಬೆಳಗಾವಿಯ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿದೆ. ಇಲ್ಲಿ ಶಿಲಾಬಾಲಿಕೆಯರಿಲ್ಲ. ಬಸ್ಸು ಕಟ್ಟುವ ದೊಡ್ಡ ಕಾರ್ಖಾನೆಯಿದೆ, ಅದರ ಸುತ್ತ ಬಿಡಿಭಾಗಗಳನ್ನು ಮಾಡುವ ಸಣ್ಣ ಕಾರ್ಖಾನೆಗಳಿವೆ, ಪ್ಲಾಟು ಹಿಡಿದು ಕಟ್ಟದೆ ಬಿಟ್ಟ ಖಾಲಿ ಜಾಗಗಳಿವೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟಿನ ಧಾರವಾಡ ಪೀಠವೂ ಇಲ್ಲಿಯೇ ಇದೆ. ಹೀಗಾಗಿ ಕಬ್ಬಿಣ ಬಡಿಯುವವರೂ ಕಾನೂನು ಬಡಿಯುವವರೂ ಒಂದೇ ಹೋಟೆಲಿನಲ್ಲಿ ಚಹ ಕುಡಿಯುವುದು ನಮ್ಮ ಊರಿನ ವಿಶೇಷ. ನಿವೃತ್ತನಾದ ಮೇಲೆ ಮಗನ ನೌಕರಿಯ ಬೆನ್ನುಹತ್ತಿ ನಾನೂ ಮುಮ್ಮಿಗಟ್ಟಿಯ ಕಡೆಗೆ ಮನೆ ಮಾಡಿಕೊಂಡಿದ್ದೇನೆ. ಇತಿಹಾಸದ ಮಾಸ್ತರನಾಗಿ ಆಯುಷ್ಯ ಕಳೆದವನಿಗೆ ಕೈಗಾರಿಕಾ ಪ್ರದೇಶದಲ್ಲಿ ಏನು ಕೆಲಸವೆಂದು ನೀವು ಕೇಳಬಹುದು. ಕೆಲಸವಿಲ್ಲ, ಅದರಿಂದಲೇ ನೋಡಲಿಕ್ಕೆ ಪುರುಸೊತ್ತಿದೆ.

ನೋಡಲು ಇಲ್ಲಿ ಬೇಕಾದಷ್ಟಿದೆ. ಹೊಸ ಕಾರ್ಖಾನೆಗೆ ಪಾಯ ತೆಗೆಯುವಾಗ ನಾನು ತಪ್ಪದೆ ಹೋಗಿ ನಿಲ್ಲುತ್ತೇನೆ. ಅಗೆಯುವ ಯಂತ್ರ ನಡೆಸುವ ಹುಡುಗನಿಗೆ ಭೂಗರ್ಭಶಾಸ್ತ್ರ ಗೊತ್ತಿಲ್ಲ. ಆದರೆ ಎಲ್ಲಿ ಎರೆ ಮಣ್ಣು ಮುಗಿದು ಗರಸು ಹತ್ತುತ್ತದೆ, ಎಲ್ಲಿ ಹಿಂದೆ ಯಾರೋ ಅಗೆದು ತುಂಬಿದ ಮಣ್ಣಿದೆ ಎಂಬುದು ಅವನಿಗೆ ಯಂತ್ರದ ದನಿಯಿಂದಲೇ ತಿಳಿಯುತ್ತದೆ. "ಇದು ಹುಟ್ಟು ಮಣ್ಣಲ್ರೀ, ಯಾರೋ ಕೈ ಆಡಿಸ್ಯಾರ" ಎಂದು ಒಂದು ದಿನ ಅವನು ಹೇಳಿದ. ಪುರಾತತ್ವದ ವಿದ್ಯಾರ್ಥಿಗೆ ನಾವು ಪಾಠಮಾಡುವ ಮೊದಲ ಅಧ್ಯಾಯ ಇದೇ ಅಲ್ಲವೆ? ಮಣ್ಣಿನ ಪದರಗಳನ್ನು ಓದುವುದು, ಕೈ ಆಡಿಸಿದ ಮಣ್ಣನ್ನು ಆಡಿಸದ ಮಣ್ಣಿನಿಂದ ಬೇರ್ಪಡಿಸುವುದು. ಅದನ್ನು ಒಬ್ಬನು ಗ್ರಂಥದಿಂದ ಕಲಿಯುತ್ತಾನೆ, ಇನ್ನೊಬ್ಬನು ದಿನಗೂಲಿಯಿಂದ ಕಲಿಯುತ್ತಾನೆ. ಮೊದಲನೆಯವನನ್ನು ವಿದ್ವಾಂಸನೆಂದೂ ಎರಡನೆಯವನನ್ನು ಕೂಲಿಯವನೆಂದೂ ಕರೆಯುವ ರೂಢಿ ನಮ್ಮಲ್ಲಿ ಬಹಳ ಹಳೆಯದು.

ಈ ರೂಢಿಯನ್ನು ಕುರಿತು ನಾನು ಯೋಚಿಸುವಂತೆ ಮಾಡಿದವಳು ನಮ್ಮ ಓಣಿಯ ಒಬ್ಬ ಹುಡುಗಿ. ತಂದೆ ಕಾರ್ಖಾನೆಯಲ್ಲಿ ಫಿಟ್ಟರ್. ಹಾಲುಮತದ ಮನೆತನ, ಅಜ್ಜನ ಕಾಲದವರೆಗೆ ಕುರಿಯೇ ಬದುಕು. ಅಜ್ಜ ಈಗಲೂ ಹಳ್ಳಿಯಲ್ಲಿದ್ದಾನೆ, ಈಗಲೂ ಕುರಿ ಬಿಟ್ಟಿಲ್ಲ. ಹುಡುಗಿ ಎಂ.ಎ.ಗೆ ಪುರಾತತ್ವ ತೆಗೆದುಕೊಂಡಿದ್ದಾಳೆ. ಅವಳು ಓದುವ ಸಂಸ್ಥೆಯ ಹೆಸರು ಇಲ್ಲಿ ಬೇಡ. ಏಕೆಂದರೆ ಅಲ್ಲಿ ನಡೆದದ್ದು ಎಲ್ಲಿಯಾದರೂ ನಡೆಯುವಂಥದು. ಅವಳು ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಬಳ್ಳಾರಿ ಕಡೆಯ ಬೂದಿಗುಡ್ಡಗಳು.

ಬೂದಿಗುಡ್ಡಗಳ ಕಥೆ ಎಲ್ಲ ಓದುಗರಿಗೂ ಪರಿಚಯವಿರಲಾರದು, ಆದ್ದರಿಂದ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳಲ್ಲಿಯೂ ಅವುಗಳಿಗೆ ಹೊಂದಿದ ಆಂಧ್ರ, ತೆಲಂಗಾಣಗಳ ಸೀಮೆಯಲ್ಲಿಯೂ ಬೂದಿಯ ದಿಬ್ಬಗಳು ಅಲ್ಲಲ್ಲಿ ಇವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿಯ ಹತ್ತಿರ ರಸ್ತೆಯ ಪಕ್ಕದಲ್ಲಿಯೇ ಒಂದನ್ನು ನೋಡಬಹುದು. ಬರೀ ಪುಡಿಬೂದಿಯಲ್ಲ, ಕೆಲವು ಕಡೆ ಉರಿಯ ತಾಪಕ್ಕೆ ಬೂದಿಯೇ ಕರಗಿ ಕಿಟ್ಟದಂತೆ ಗಟ್ಟಿಯಾಗಿದೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ, ಕಲ್ಲಿನ ಕೊಡಲಿಯ ಕಾಲದಲ್ಲಿ, ದನ ಸಾಕಿ ಬದುಕಿದ ಜನ ಬಿಟ್ಟುಹೋದ ಗುರುತು ಇದು. 

ಆದರೆ ಇಷ್ಟು ಹೇಳಲು ವಿದ್ವಾಂಸರಿಗೆ ನೂರು ವರ್ಷಕ್ಕೂ ಮೇಲೆ ಹಿಡಿಯಿತು. 1843ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಈ ದಿಬ್ಬಗಳ ವಿಷಯ ಬರೆದ. ಜ್ವಾಲಾಮುಖಿಯ ಬೂದಿ ಎಂದರು ಕೆಲವರು. ಲೋಹ ಕರಗಿಸಿದ ಕುಲುಮೆಯ ಕಿಟ್ಟ ಎಂದರು ಕೆಲವರು. ಹೆಣಗಳನ್ನೋ ಬಲಿಗಳನ್ನೋ ರಾಶಿ ಹಾಕಿ ಸುಟ್ಟದ್ದೆಂದು ಇನ್ನು ಕೆಲವರು. ನಮ್ಮ ದೇಶದ ಪ್ರಾಗಿತಿಹಾಸಕ್ಕೆ ತಳಹದಿ ಹಾಕಿದ ರಾಬರ್ಟ್ ಬ್ರೂಸ್ ಫುಟ್ ಇದು ದನದ ಸಗಣಿ ಸುಟ್ಟ ಬೂದಿಯಿರಬೇಕೆಂದು ಹೇಳಿದ. 1960ರಲ್ಲಿ ಝಾಯ್ನರ್ ಎಂಬ ವಿಜ್ಞಾನಿ ಪ್ರಯೋಗಶಾಲೆಯ ಪರೀಕ್ಷೆಯಿಂದ ಅದನ್ನು ದೃಢಪಡಿಸಿದ. ಆಲ್ಚಿನ್ 1957ರಲ್ಲಿ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳಲ್ಲಿ ದನದ ಗೊರಸಿನ ಗುರುತುಗಳೂ ದಡ್ಡಿಯ ಸುತ್ತ ನೆಟ್ಟ ಗೂಟಗಳ ಕುಳಿಗಳೂ ಸಿಕ್ಕವು. 1963ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ, ದನಗಳನ್ನು ಬೆಂಕಿ ಹಾಯಿಸುವ ನಮ್ಮ ಹಬ್ಬಗಳನ್ನು ನೆನೆದು, ಇಲ್ಲಿಯೂ ಅಂಥ ಒಂದು ಆಚರಣೆ ನಡೆದಿರಬೇಕೆಂದು ವಾದಿಸಿದ. ಮುಂದೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಉತ್ಖನನ ಮಾಡಿ, ಬೂದಿಯ ಪಕ್ಕದಲ್ಲಿಯೇ ಜನವಸತಿಯನ್ನೂ ಮಾಂಸ ಕಡಿದ ನೆಲವನ್ನೂ ತೋರಿಸಿಕೊಟ್ಟರು.

ಈಗ ಹುಡುಗಿಯ ಮಾತಿಗೆ ಬರೋಣ. ರಜೆಗೆ ಹಳ್ಳಿಗೆ ಹೋದಾಗ ಅವಳು ಪುಸ್ತಕದಲ್ಲಿದ್ದ ಕುಡತಿನಿಯ ಚಿತ್ರವನ್ನು ಅಜ್ಜನಿಗೆ ತೋರಿಸಿದಳಂತೆ. ಅಜ್ಜ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಹಟ್ಟಿ ಸುಟ್ಟಾರಲ್ಲವಾ ಇದು" ಎಂದ. ಹೆಂಡಿ ಬಹಳ ದಿನ ಬಿದ್ದರೆ ಉಣ್ಣಿ, ನುಸಿ ಹೆಚ್ಚಾಗಿ ದನಕ್ಕೆ ಬೇನೆ ಬರುತ್ತದೆ, ಆಗ ಬೆಂಕಿ ಕೊಟ್ಟು ಜಾಗ ಶುದ್ಧ ಮಾಡುವುದುಂಟು ಎಂದು ವಿವರಿಸಿದ. ಮೇಲೆ ಗಾಳಿ ಆಡಿದಲ್ಲಿ ಬೂದಿ ಬೆಳ್ಳಗಾಗುತ್ತದೆ, ಒಳಗೆ ಮುಚ್ಚಿಕೊಂಡು ಬೆಂದಲ್ಲಿ ಕರ್ರಗಾಗುತ್ತದೆ, ಚಿತ್ರದಲ್ಲಿ ಎರಡೂ ಇವೆ ಎಂದು ಬೆರಳಿಟ್ಟು ತೋರಿಸಿದ. ಆಮೇಲೆ ಸುಮ್ಮನೆ ಕುಳಿತು ಒಂದು ಪ್ರಶ್ನೆ ಕೇಳಿದ: "ಇಷ್ಟು ಹೆಂಡಿ ಸುಟ್ಟು ಗುಡ್ಡ ಮಾಡ್ಯಾರಲ್ಲ, ಹೊಲಕ್ಕ ಯಾಕ ಹಾಕಲಿಲ್ಲ? ಅವರಿಗೆ ಹೊಲ ಇರಲಿಲ್ಲೇನು, ಇಲ್ಲಾ ಹೆಂಡಿಗಿಂತ ಬೆಂಕಿನ ದೊಡ್ಡದಿತ್ತೇನು?"

ಓದುಗರೇ, ಈ ಪ್ರಶ್ನೆಯನ್ನು ಎರಡು ಸಲ ಓದಿರಿ. ಒಂದು ಹಿಂಡು ಕುರಿಯನ್ನು ತನ್ನ ಹೊಲದಲ್ಲಿ ರಾತ್ರಿ ನಿಲ್ಲಿಸಿದರೆ ರೈತ ಕುರಿಗಾರನಿಗೆ ಕಾಳೋ ರೊಕ್ಕವೋ ಕೊಡುತ್ತಾನೆ. ಗೊಬ್ಬರವೆಂದರೆ ಕುರಿಗಾರನ ಕಣ್ಣಿಗೆ ಹಣ. ಹಣವನ್ನು ತಲೆಮಾರುಗಟ್ಟಲೆ ಸುಟ್ಟವರನ್ನು ಕಂಡು ಅವನಿಗೆ ಆಶ್ಚರ್ಯವಾದದ್ದು ಸಹಜ. ಬೂದಿಗುಡ್ಡಗಳನ್ನು ಕುರಿತ ಪಂಡಿತರ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದೂ ಈ ಪ್ರಶ್ನೆಯ ಹತ್ತಿರವೇ. ಸ್ವಚ್ಛತೆಗಾಗಿ ಸುಟ್ಟರೆ? ಹಬ್ಬಕ್ಕಾಗಿ ಸುಟ್ಟರೆ? 2004ರಲ್ಲಿ ಪೀಟರ್ ಜೋಹಾನ್ಸನ್ ಎಂಬವರು, ಈ ಗುಡ್ಡಗಳನ್ನು ಜನ ಬುದ್ಧಿಪೂರ್ವಕವಾಗಿ, ಆಚರಣೆಯ ಸ್ಮಾರಕಗಳಂತೆ ಬೆಳೆಸಿದರೆಂದು ವಾದಿಸಿ ದೊಡ್ಡ ಲೇಖನವನ್ನೇ ಬರೆದರು. ಅಜ್ಜನ ಭಾಷೆಯಲ್ಲಿ ಹೇಳುವುದಾದರೆ, ಹೆಂಡಿಗಿಂತ ಬೆಂಕಿಯೇ ದೊಡ್ಡದಾಗಿತ್ತು. ಅಜ್ಜ ಆ ಲೇಖನವನ್ನು ಓದಿಲ್ಲ. ಅವನಿಗೆ ಓದು ಬರುವುದಿಲ್ಲ.

ಹುಡುಗಿ ಅಜ್ಜನ ಮಾತನ್ನೂ ಪ್ರಶ್ನೆಯನ್ನೂ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ, ಆಲ್ಚಿನ್ನನ ಮತದ ಪಕ್ಕದಲ್ಲಿಯೇ, ಹೆಸರು ಸಹಿತ ಬರೆದಳು. ಮಾರ್ಗದರ್ಶಕರು ಕೆಟ್ಟವರಲ್ಲ, ವಿದ್ಯಾರ್ಥಿಗಳ ಹಿತ ಬಯಸುವವರು. ಅವರು ಕೆಂಪು ಪೆನ್ನಿನಿಂದ ಅಷ್ಟು ಭಾಗವನ್ನು ಗೆರೆ ಹಾಕಿ, ಇದನ್ನು ಕೃತಜ್ಞತೆಯ ಪುಟಕ್ಕೆ ಸಾಗಿಸು, ಅಧ್ಯಾಯದಲ್ಲಿ ಬೇಕಾದರೆ 'ಸ್ಥಳೀಯ ಕುರಿಗಾರನೊಬ್ಬನ ಹೇಳಿಕೆ' ಎಂದಿಷ್ಟು ಸಾಕು ಎಂದರು. ಪರೀಕ್ಷಕರು ಹೊರಗಿನವರು, ಅಂಕ ಕಡಿಮೆಯಾದರೆ ಮುಂದೆ ಸಂಶೋಧನೆಗೆ ದಾರಿ ಕಟ್ಟುತ್ತದೆ ಎಂಬುದು ಅವರ ಚಿಂತೆ. ಹುಡುಗಿ ಹಸ್ತಪ್ರತಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ಸರ, ಆಲ್ಚಿನ್ ಸಾಹೇಬರು ನಮ್ಮಂಥವರ ಹಬ್ಬ ನೋಡಿ ಬರದರ ಅದು ಸಿದ್ಧಾಂತ. ನಮ್ಮಜ್ಜ ತನ್ನ ಹಟ್ಟಿ ನೋಡಿ ಹೇಳಿದರ ಅದು ಹೇಳಿಕೆ. ಹೆಂಗ್ರೀ ಇದು?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಿತ್ತು. ವಿಷಯವನ್ನೇ ಬಿಟ್ಟುಬಿಡುತ್ತೇನೆ, ಬಿ.ಎಡ್. ಮಾಡುತ್ತೇನೆ ಎಂಬವರೆಗೆ ಮಾತು ಹೋಯಿತು.

ನಾನು ಅವಳನ್ನು ಕೂಡಿಸಿ ಚಹ ಕೊಟ್ಟು, ಇದು ನಿನ್ನಿಂದ ಮೊದಲಾದ ಕಥೆಯಲ್ಲ ತಂಗಿ ಎಂದು ಧರ್ಮಯ್ಯನ ವಿಷಯ ಹೇಳಿದೆ. ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳತೆ ಮಾಡುತ್ತ ಶಾಸನ, ಕೈಫಿಯತ್ತು, ತಾಳೆಯೋಲೆಗಳನ್ನು ಸಂಗ್ರಹಿಸಿದ ದೊಡ್ಡ ಮನುಷ್ಯ. ಅವನ ಸಂಗ್ರಹವಿಲ್ಲದೆ ದಕ್ಷಿಣದ ಇತಿಹಾಸ ಬರೆಯುವುದು ಕಷ್ಟ. ಆದರೆ ಹಳಗನ್ನಡದ ಶಾಸನಗಳನ್ನು ಅವನಿಗೆ ಓದಿ ಹೇಳಿದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಜನರೊಡನೆ ಮಾತಾಡಿ, ಗ್ರಾಮದ ದಾಖಲೆಗಳನ್ನು ಬಿಡಿಸಿ, ಸಂಗ್ರಹಕ್ಕೆ ವ್ಯವಸ್ಥೆ ತಂದವರು ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತಮ್ಮ ಲಕ್ಷ್ಮಯ್ಯ. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ವರ್ಣಚಿತ್ರದಲ್ಲಿ ಕೆಂಪಂಗಿಯ ಕರ್ನಲನ ಅಕ್ಕಪಕ್ಕ ಮೂವರು ನಮ್ಮವರು ನಿಂತಿದ್ದಾರೆ. ತಾಳೆಯೋಲೆ ಹಿಡಿದವನನ್ನು ಧರ್ಮಯ್ಯನೆಂದು ಗುರುತಿಸುತ್ತಾರೆ. 1821ರಲ್ಲಿ ಮೆಕೆಂಜಿ ತೀರಿಕೊಂಡ. ಮುಂದೆ 1830ರ ದಶಕದಲ್ಲಿ ಲಕ್ಷ್ಮಯ್ಯ ಆ ಕೆಲಸವನ್ನು ತಾನು ಮುಂದುವರಿಸುತ್ತೇನೆಂದು ಅರ್ಜಿ ಹಾಕಿಕೊಂಡಾಗ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ಒಪ್ಪಲಿಲ್ಲ. ಬ್ರಾಹ್ಮೀ ಲಿಪಿಯನ್ನು ಬಿಡಿಸಿದ ಕೀರ್ತಿಯ ಪ್ರಿನ್ಸೆಪ್ ಸಾಹೇಬನೇ ಇದು ಅಂಥವನ ಯೋಗ್ಯತೆಯ ಕೆಲಸವಲ್ಲವೆಂಬ ಅಭಿಪ್ರಾಯದವನಾಗಿದ್ದ. ಸಾಮಗ್ರಿ ತಂದುಕೊಡಲು ಯೋಗ್ಯ, ವಿಮರ್ಶೆ ಮಾಡಲು ಅಯೋಗ್ಯ.

ನಮ್ಮ ಕಾಲಕ್ಕೆ ಇನ್ನಷ್ಟು ಹತ್ತಿರ ಬನ್ನಿರಿ. ಬ್ರಹ್ಮಗಿರಿಯ ಹೆಸರು ಹೇಳಿದರೆ ಪದವಿ ತರಗತಿಯ ಹುಡುಗರು ಒಂದೇ ಬಾಯಿಗೆ "ಮಾರ್ಟಿಮರ್ ವೀಲರ್, 1947" ಎನ್ನುತ್ತಾರೆ. ವೀಲರನ ಪದ್ಧತಿಯ ಶಿಸ್ತು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೂ ಮುಂಚೆ, 1940ರಲ್ಲಿಯೇ, ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಅಲ್ಲಿ ಅಗೆದಿದ್ದರು. ಅವರೇ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದವರು. ಅವರ ಹೆಸರನ್ನು ಹುಡುಗರು ಬಾಯಿಪಾಠ ಮಾಡಿದ್ದು ನಾನು ಹೆಚ್ಚಾಗಿ ಕಂಡಿಲ್ಲ. ಇನ್ನೂ ಹಿಂದೆ ಹೋದರೆ, 1892ರಲ್ಲಿ ಬಿ. ಎಲ್. ರೈಸ್ ಅಶೋಕನ ಶಾಸನವನ್ನು ಕಂಡುಹಿಡಿದದ್ದೂ ಅದೇ ಬ್ರಹ್ಮಗಿರಿಯಲ್ಲಿ. ಕಂಡುಹಿಡಿದ ಎನ್ನುತ್ತೇವೆ, ಆದರೆ ಊರವರು ಆ ಬಂಡೆಯನ್ನು ಮೊದಲಿನಿಂದಲೂ 'ಅಕ್ಷರಗುಂಡು' ಎಂದೇ ಕರೆಯುತ್ತಿದ್ದರು. ಅದು ಯಾರ ಅಕ್ಷರ, ಯಾವ ಭಾಷೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ನಿಜ. ಗೀರಲ್ಲ, ಬಿರುಕಲ್ಲ, ಅಕ್ಷರ ಎಂಬುದು ಗೊತ್ತಿತ್ತು. ರೈಸನ ಪಾಂಡಿತ್ಯ ಶುರುವಾಗುವುದು ಊರವರ ತಿಳಿವಳಿಕೆ ನಿಂತ ಕಡೆಯಿಂದ.

ಇದು ನಮ್ಮ ದೇಶದ ಮಾತ್ರದ ತಕರಾರಲ್ಲ. ಅಮೆರಿಕೆಯಲ್ಲಿ 1996ರಲ್ಲಿ ಕೊಲಂಬಿಯಾ ನದಿಯ ದಡದಲ್ಲಿ ಬಹು ಪ್ರಾಚೀನವಾದ ಅಸ್ಥಿಪಂಜರವೊಂದು ಸಿಕ್ಕಿತು. ಕೆನವಿಕ್ ಮಾನವನೆಂದು ಹೆಸರಿಟ್ಟರು. ಆ ಸೀಮೆಯ ಮೂಲನಿವಾಸಿಗಳು ಇವನು ನಮ್ಮ ಹಿರಿಯ, ಮಣ್ಣಿಗೆ ಕೊಡಿರಿ ಎಂದು ಕೇಳಿದರು. ತಲೆಮಾರಿನಿಂದ ಬಂದ ಅವರ ಮೌಖಿಕ ಪರಂಪರೆ ಸಾಕಷ್ಟು ಸಾಕ್ಷ್ಯವಲ್ಲವೆಂದು 2004ರಲ್ಲಿ ನ್ಯಾಯಾಲಯ ತಳ್ಳಿಹಾಕಿತು. 2015ರಲ್ಲಿ ವಂಶವಾಹಿಯ ಪರೀಕ್ಷೆ ಅವನು ಮೂಲನಿವಾಸಿಗಳ ಸಂಬಂಧಿಯೇ ಎಂದು ತೋರಿಸಿತು. 2017ರಲ್ಲಿ ಆ ಹಿರಿಯನನ್ನು ಅವರು ಮತ್ತೆ ಮಣ್ಣು ಮಾಡಿದರು. ಈ ನಡುವೆ ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಒಂದು ಬದಲಾವಣೆಯಾಯಿತು. ಜೋ ವಾಟ್ಕಿನ್ಸ್, ಸೋನ್ಯಾ ಅಟಾಲೆಯಂಥ ಮೂಲನಿವಾಸಿ ಕುಲಗಳಿಂದಲೇ ಬಂದ ಪುರಾತತ್ವಜ್ಞರು ಗ್ರಂಥಗಳನ್ನು ಬರೆದರು. ಅವು ತರಗತಿಯ ಪಠ್ಯಗಳಾದವು. ನಮ್ಮ ದೇಶದಲ್ಲಿಯೇ ನಾಗಾ ಜನರು ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯದಲ್ಲಿರುವ ತಮ್ಮ ಹಿರಿಯರ ಅವಶೇಷಗಳನ್ನು ಕುರಿತು ಮಾತುಕತೆ ನಡೆಸಿದ್ದಾರೆ. 2020ರಲ್ಲಿ ಅವುಗಳನ್ನು ಪ್ರದರ್ಶನದಿಂದ ತೆಗೆಯಲಾಯಿತು. ಆ ಮಾತುಕತೆಯಲ್ಲಿ ಡಾಲಿ ಕಿಕೋನ್ ಅವರಂಥ ನಾಗಾ ವಿದ್ವಾಂಸರೇ ಮುಂದಾಳುಗಳು. ಸಾಕ್ಷಿ ಹೇಳುತ್ತಿದ್ದವರು ಈಗ ಪ್ರಶ್ನೆ ಕೇಳುವ ಜಾಗಕ್ಕೆ ಬಂದಿದ್ದಾರೆ.

ನಮ್ಮ ಕರ್ನಾಟಕದಲ್ಲಿಯೂ ಆ ದಾರಿ ಪೂರ್ತಿ ಮುಚ್ಚಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡಿನ ಪವಿತ್ರ ಸ್ಥಳಗಳನ್ನು ತಾವೇ ತಿರುಗಿ ನಕ್ಷೆ ಮಾಡಿಸಿದ್ದಾರೆ. ಆ ಕೆಲಸದಲ್ಲಿ ಜೊತೆಯಾದ ಸಿ. ಮಾದೇಗೌಡರು ಸೋಲಿಗ ಸಮುದಾಯದವರೇ ಆಗಿ ಡಾಕ್ಟರೇಟ್ ಪಡೆದ ವಿದ್ವಾಂಸರು. ಧಾರವಾಡದ ಮಣ್ಣಿನಲ್ಲಿಯಂತೂ ಇದಕ್ಕೆ ಬೇರುಗಳಿವೆ. 1939ರಲ್ಲಿ ಇಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿದಾಗ, ನಮ್ಮ ನಾಡಿನ ಪುರಾತನವನ್ನು ನಮ್ಮವರೇ ಅರಿಯಬೇಕೆಂಬುದು ಅದರ ಹಂಬಲವಾಗಿತ್ತು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಅಗೆದಾಗ ಸಿಕ್ಕ ಎಲುಬುಗಳನ್ನು ಪರೀಕ್ಷಿಸಿದವರು ಕೆ. ಆರ್. ಆಲೂರರು, ದನದ ವೈದ್ಯರು. ದನ, ಕುರಿ, ಕುದುರೆಗಳನ್ನು ಕೈಯಿಂದ ಮುಟ್ಟಿ ಬಲ್ಲವರಾದ್ದರಿಂದಲೇ ಅವರ ಮಾತಿಗೆ ವಿದ್ವತ್ ಲೋಕದಲ್ಲಿ ಬೆಲೆ ಬಂತು, ಕುದುರೆಯ ಎಲುಬನ್ನು ಕುರಿತು ಇಂದಿನವರೆಗೂ ಚರ್ಚೆ ನಡೆದಿದೆ. ದನದ ವೈದ್ಯನನ್ನು ಪುರಾತತ್ವ ಒಳಗೆ ಕರೆದುಕೊಂಡಿತು. ದನ ಕಾಯುವವನನ್ನು ಮಾತ್ರ ಹೊಸ್ತಿಲಲ್ಲಿ ನಿಲ್ಲಿಸಿದೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಊರವರು ಹೇಳಿದ್ದನ್ನೆಲ್ಲ ಶಾಸ್ತ್ರವೆಂದು ಒಪ್ಪಿದರೆ ಗತಿಯೇನು? ಬೂದಿಗುಡ್ಡವನ್ನು ಹಿಡಿಂಬಾಸುರನ ಬೂದಿ ಎಂದವರೂ ಊರವರೇ. ಹಂಪೆಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆಂದು ಇಂದಿಗೂ ತೋರಿಸುತ್ತಾರೆ. ಹಿರೇಬೆಣಕಲ್ಲಿನ ಕಲ್ಮನೆಗಳನ್ನು ಕುಳ್ಳಗಿನ ಮೋರ್ಯರ ಮನೆ ಎನ್ನುತ್ತಾರೆ. ಇದರ ಮೇಲೆ, ಪ್ರತಿಯೊಂದು ಸಮುದಾಯವೂ ಈ ಸ್ಮಾರಕ ನಮ್ಮದು, ಈ ಅರಸ ನಮ್ಮವನು ಎಂದು ಜಗಳಾಡುವ ಕಾಲ ಇದು. ಜಗಳಕ್ಕೆ ಪುರಾತತ್ವದ ಮುದ್ರೆ ಬಿದ್ದರೆ ಶಾಸ್ತ್ರವೂ ಹಾಳು, ಊರೂ ಹಾಳು. ಮಾರ್ಗದರ್ಶಕರ ಕೆಂಪು ಪೆನ್ನಿನ ಹಿಂದೆ ಈ ಭಯವೂ ಇದ್ದೀತು.

ಇದಕ್ಕೆ ಉತ್ತರ ನನಗಲ್ಲ, ಅಜ್ಜನಿಗೆ ಹೊಳೆಯಿತು. ಹುಡುಗಿ ತಾನು ಬರೆದದ್ದನ್ನು ಅಜ್ಜನ ಮುಂದೆ ಕೂತು ಓದಿ ಹೇಳಿದಳು. ಮೊಮ್ಮಗಳ ಪುಸ್ತಕದಲ್ಲಿ ತನ್ನ ಹೆಸರು ಬಂದದ್ದಕ್ಕೆ ಅವನು ಹಿಗ್ಗಬಹುದೆಂದು ಅವಳು ತಿಳಿದಿದ್ದಳು. ಅಜ್ಜ ಹುಬ್ಬು ಗಂಟಿಕ್ಕಿದ. "ನಾ ಹಂಗ ಅಂದಿಲ್ಲವಾ. ನಾ ಸುಟ್ಟಿದ್ದು ಕುರಿ ಹಿಕ್ಕಿ. ಆಕಳ ಹೆಂಡಿ ಬ್ಯಾರೆ, ಅದರ ಬೆಂಕಿ ಬ್ಯಾರೆ, ಅದರ ಬೂದಿ ಬ್ಯಾರೆ. ಅದನ್ನ ಗೌಳ್ಯಾರನ್ನ ಕೇಳು. ನಾ ಕಾಣದ್ದನ್ನ ನನ್ನ ಹೆಸರಿನ ಮ್ಯಾಲೆ ಬರೀಬ್ಯಾಡ" ಎಂದ.

ಈ ಮಾತನ್ನು ಅವಳು ಬಂದು ಹೇಳಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ತಾನು ಕಂಡದ್ದೆಷ್ಟು, ಕಾಣದ್ದೆಷ್ಟು ಎಂದು ಗೆರೆ ಹಾಕುವುದು, ತನಗಿಂತ ಹೆಚ್ಚು ಬಲ್ಲವನ ಕಡೆಗೆ ಬೆರಳು ಮಾಡುವುದು, ಹೆಸರು ಬರುತ್ತದೆಂದು ಸುಳ್ಳಿಗೆ ಸಹಿ ಹಾಕದಿರುವುದು, ವಿದ್ವತ್ತಿನ ಶೀಲವೆಂದರೆ ಇಷ್ಟೇ. ಕಾಲೇಜಿನಲ್ಲಿ ಎರಡು ವರ್ಷ ಕಲಿಸಿದರೂ ಇದು ಕೆಲವರಿಗೆ ಬರುವುದಿಲ್ಲ. ಅಜ್ಜನನ್ನು 'ಸ್ಥಳೀಯ ಕುರಿಗಾರ'ನೆಂದು ಹೆಸರಿಲ್ಲದೆ ಬರೆದಿದ್ದರೆ ಈ ತಿದ್ದುಪಡಿ ಆಗುತ್ತಲೇ ಇರಲಿಲ್ಲ. ಹೆಸರಿಲ್ಲದವನಿಗೆ ತನ್ನ ಮಾತಿನ ಹೊಣೆಯೂ ಇಲ್ಲ, ತಿದ್ದುವ ಹಕ್ಕೂ ಇಲ್ಲ. ಹೆಸರು ಹಾಕುವುದು ಉಪಕಾರ ಸ್ಮರಣೆಗಾಗಿ ಅಲ್ಲ, ಪರೀಕ್ಷೆಗ��ಗಿ. ನಮ್ಮ ಮಗ್ಗುಲಲ್ಲಿರುವ ಹೈಕೋರ್ಟಿನ ಮುಂದೆ ಬರುವ ಹೊಲದ ವ್ಯಾಜ್ಯಗಳ ಕಡತ ಬಿಚ್ಚಿದರೆ, ಕೆಳಗಿನ ನ್ಯಾಯಾಲಯದಲ್ಲಿ ಯಾವುದೋ ಕುರಿಗಾರ ಹೇಳಿದ ಸಾಕ್ಷಿ ಹೆಸರು, ವಯಸ್ಸು, ಊರು ಸಹಿತ ಇರುತ್ತದೆ. ಎದುರು ಪಕ್ಷದ ವಕೀಲ ಅವನನ್ನು ಪಾಟೀಸವಾಲು ಮಾಡಿರುತ್ತಾನೆ. ಅವನ ಮಾತು ನಿಲ್ಲಬಹುದು, ಬೀಳಬಹುದು. ಆದರೆ ನ್ಯಾಯಾಲಯ ಅವನನ್ನು ಮನುಷ್ಯನೆಂದು ಎಣಿಸಿ ವಿಚಾರಿಸುತ್ತದೆ. ಪುರಾತತ್ವದ ತರಗತಿ ಇಷ್ಟನ್ನು ಮಾಡಿದರೂ ದೊಡ್ಡದು.

ಹಿಡಿಂಬಾಸುರನ ಕಥೆಯನ್ನೂ ಇದೇ ರೀತಿ ವಿಚಾರಿಸಬೇಕು. ರಾಕ್ಷಸನಿದ್ದನೆಂಬುದು ನಿಲ್ಲುವ ಮಾತಲ್ಲ. ಆದರೆ ಆ ಕಥೆಯೊಳಗೆ ಎರಡು ಗಟ್ಟಿ ಕಾಳುಗಳಿವೆ. ಇದು ಹುಟ್ಟು ಮಣ್ಣಲ್ಲ, ಸುಟ್ಟ ಬೂದಿ. ಇದು ನಮ್ಮ ಅಜ್ಜ ಮುತ್ತಜ್ಜರದಲ್ಲ, ನೆನಪಿಗೆ ಮೀರಿದ ಕಾಲದ್ದು. ಎರಡೂ ನಿಜವಾದವು. ಜ್ವಾಲಾಮುಖಿ ಎಂದ ಪಂಡಿತನಿಗಿಂತ ಕಥೆ ಹೇಳಿದ ಮುದುಕಿ ಸತ್ಯಕ್ಕೆ ಹತ್ತಿರವಿದ್ದಳು. ಇನ್ನೊಂದು ಮಾತು. ನಮ್ಮ ಧಾರವಾಡ ಸೀಮೆಯಲ್ಲಿ ದೀಪಾವಳಿಯ ಹಟ್ಟಿಹಬ್ಬದಲ್ಲಿ ಹೆಣ್ಣುಮಕ್ಕಳು ಹೆಂಡಿಯಿಂದ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂವು ಚುಚ್ಚಿ, ಬಾಗಿಲಲ್ಲಿಟ್ಟು ಪೂಜಿಸುತ್ತಾರೆ. ಹೆಂಡಿ, ಹಟ್ಟಿ, ಪಾಂಡವರು, ದೀಪ, ಇವು ಒಂದೇ ಹಬ್ಬದಲ್ಲಿ ಹೇಗೆ ಸೇರಿದವು ಎಂಬುದನ್ನು ನಮ್ಮ ಮನೆಯ ಹೆಂಗಸರನ್ನು ಕೇಳದೆ ಯಾವ ಗ್ರಂಥಾಲಯದಲ್ಲಿ ಹುಡುಕೋಣ? ಹಾಗೆಂದು ನಾಲ್ಕು ಸಾವಿರ ವರ್ಷದ ಹಿಂದಿನ ಬೆಂಕಿಗೂ ಇಂದಿನ ಹಟ್ಟಿಹಬ್ಬಕ್ಕೂ ನೇರ ದಾರ ಕಟ್ಟುವುದು ಸಾಧ್ಯವಿಲ್ಲ. ಕೇಳುವುದು ಮಾತ್ರ ಸಾಧ್ಯ, ಕೇಳಿ ತೂಗುವುದು ಅವಶ್ಯ.

ಹಾಗಾದರೆ ಮಾಡಬೇಕಾದ್ದೇನು? ನನ್ನ ಸಲಹೆಗಳು ದೊಡ್ಡವಲ್ಲ, ಅವಕ್ಕೆ ಹೊಸ ಕಟ್ಟಡವೂ ಬೇಡ. ಮೆಕೆಂಜಿಯ ಪಾಠವಿರುವ ದಿನ ಧರ್ಮಯ್ಯನ ಪಾಠವೂ ಇರಲಿ. ವೀಲರನ ಜೊತೆಗೆ ಕೃಷ್ಣ ಅವರ ವರದಿಯೂ ಮೇಜಿನ ಮೇಲಿರಲಿ. ಹಿಂಡಿನೊಡನೆ ತಿರುಗಿದ ಕುರಿಗಾರ, ಆವಿಗೆ ಇಟ್ಟ ಕುಂಬಾರ, ಬಂಡೆಯ ನಾಡಿ ಹಿಡಿದು ಸೀಳುವ ವಡ್ಡರವನು, ಇವರನ್ನು ವರ್ಷಕ್ಕೆ ನಾಲ್ಕು ಸಲವಾದರೂ ತರಗತಿಗೆ ಕರೆಸಿ, ಹೊರಗಿನ ಪ್ರಾಧ್ಯಾಪಕರಿಗೆ ಕೊಡುವಷ್ಟೇ ಸಂಭಾವನೆಯನ್ನೂ ಅದೇ ಕುರ್ಚಿಯನ್ನೂ ಕೊಡಲಿ. ಸಂಗನಕಲ್ಲಿನ ಹಿರೇಗುಡ್ಡದ ಮೇಲೆ ಕರಿಗಲ್ಲಿನ ಕೊಡಲಿಗಳನ್ನು ರಾಶಿ ರಾಶಿ ಮಾಡುತ್ತಿದ್ದ ನೆಲವಿದೆ. ಅದೂ ಆ ಕಾಲದ ಒಂದು ಕೈಗಾರಿಕಾ ಪ್ರದೇಶವೇ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರರು ದೇಶವಿದೇಶದ ಸಂಗಡಿಗರೊಡನೆ ಅಲ್ಲಿ ವರ್ಷಗಟ್ಟಲೆ ದುಡಿದಿದ್ದಾರೆ. ಆ ಕಲ್ಲಿನ ಚಕ್ಕೆಗಳನ್ನು ಒಬ್ಬ ವಡ್ಡರವನ ಕೈಯಲ್ಲಿ ಕೊಟ್ಟು, ಇದು ಯಾವ ಪೆಟ್ಟಿಗೆ ಒಡೆದದ್ದು, ಇದನ್ನು ಹೊಡೆದವನು ಪಳಗಿದವನೋ ಕಲಿಯುತ್ತಿದ್ದವನೋ ಎಂದು ವಿದ್ಯಾರ್ಥಿಗಳು ಕೇಳಲಿ. ಉತ್ಖನನದ ವರದಿಯಲ್ಲಿ ಮಣ್ಣು ತೆಗೆದವರ ಹೆಸರೂ ಇರಲಿ. ವರದಿಯ ಸಾರ ಕನ್ನಡದಲ್ಲಿ ಆ ಊರಿನ ಪಂಚಾಯತಿಗೆ ಹೋಗಲಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಆ ಮನೆಗಳಿಂದ ಬಂದ ಮಕ್ಕಳು ಪುರಾತತ್ವದಲ್ಲಿ ಉಳಿಯಬೇಕು. ಅಜ್ಜನ ಹತ್ತಿರ ಹಟ್ಟಿಯ ಜ್ಞಾನವಿದೆ, ಅಕ್ಷರವಿಲ್ಲ. ಪಂಡಿತರ ಹತ್ತಿರ ಅಕ್ಷರವಿದೆ, ಹಟ್ಟಿಯಿಲ್ಲ. ಎರಡೂ ಇರುವವಳು ಮೊಮ್ಮಗಳು. ಅವಳು ಬೇಸತ್ತು ಹೊರಗೆ ಹೋದರೆ ನಷ್ಟ ಅವಳೊಬ್ಬಳದಲ್ಲ. ಧಾರವಾಡದ ಪೇಡೆಯನ್ನು ನಾವೆಲ್ಲ ಚಪ್ಪರಿಸಿ ತಿನ್ನುತ್ತೇವೆ. ಅದಕ್ಕೆ ಹಾಲು ಕೊಟ್ಟ ಎಮ್ಮೆಯನ್ನು ಕಾಯುವ ಗೌಳಿಗನ ಮನೆಯ ಹುಡುಗಿಯೊಬ್ಬಳು ನಾಳೆ ದನಗಾರರ ಇತಿಹಾಸ ಬರೆಯಲು ಕುಳಿತರೆ ಅವಳಿಗೆ ಜಾಗ ಬಿಡುವಷ್ಟು ಸೌಜನ್ಯ ನಮಗಿರಬೇಡವೆ?

ಮೂರನೆಯ ಅಧ್ಯಾಯದ ವಿಷಯದಲ್ಲಿ ಗುರು ಶಿಷ್ಯೆಯರ ನಡುವೆ ಒಂದು ಒಪ್ಪಂದವಾಗಿದೆ. ಅಜ್ಜನ ಹೆಸರು ಅಡಿಟಿಪ್ಪಣಿಯಲ್ಲಿ ಇರುತ್ತದೆ, ಪ್ರಶ್ನೆ ಅಧ್ಯಾಯದೊಳಗೆ ಇರುತ್ತದೆ, ಕುರಿ ಹಿಕ್ಕಿಯ ತಿದ್ದುಪಡಿಯೂ ಇರುತ್ತದೆ. ಮಾರ್ಗದರ್ಶಕರಿಗೆ ಒಪ್ಪಿಗೆಯಾದದ್ದು ಆ ತಿದ್ದುಪಡಿಯನ್ನು ಓದಿದ ಮೇಲಂತೆ. ಹುಡುಗಿಗೆ ಇದು ಪೂರ್ತಿ ಸಮಾಧಾನವಲ್ಲ, ಆದರೆ ಬಿ.ಎಡ್. ಮಾತು ಸದ್ಯಕ್ಕೆ ನಿಂತಿದೆ. ಬರುವ ತಿಂಗಳು ಕಲಘಟಗಿಯ ಕಡೆಗೆ ಗೌಳಿಗರ ದಡ್ಡಿಗಳನ್ನು ನೋಡಲು ಹೊರಟಿದ್ದಾಳೆ, ಎಮ್ಮೆಯ ಹೆಂಡಿ ಹೇಗೆ ಉರಿಯುತ್ತದೆಂದು ಕೇಳಲು.

ಬೂದಿಹಾಳ ಎಂಬ ಊರಿನ ಹೆಸರನ್ನು ನಾನು ಆಗಾಗ ನೆನೆಯುತ್ತೇನೆ. ಕುಲುಮೆ ಎಂದರು, ಬಲಿ ಎಂದರು, ಜ್ವಾಲಾಮುಖಿ ಎಂದರು. ಮತಗಳು ಬಂದವು, ಹೋದವು. ಅಷ್ಟು ಕಾಲವೂ ಆ ಊರು ತನ್ನ ಹೆಸರಿನಲ್ಲಿ ಸರಿಯಾದ ಉತ್ತರದ ಅರ್ಧವನ್ನು ಹೊತ್ತುಕೊಂಡು ಸುಮ್ಮನೆ ಕುಳಿತಿತ್ತು. ಆ ಹೆಸರಿಟ್ಟವನು ಯಾರೋ ದನಗಾಹಿ ಇರಬೇಕು, ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಇನ್ನು ಮುಂದಿನವರದನ್ನಾದರೂ ಬರೆದಿಟ್ಟುಕೊಳ್ಳೋಣ.